ಕಿಟಕಿಯಲ್ಲಿದ್ದ ಹುಡುಗಿ

ಜೂನ್ 4

ತಂಗೀ,

ಮೆಣಸು ನಿನ್ನ ಮನೆ ಸೇರಿದಳು ಎಂದು ಫೋನಿನಲ್ಲಿ ಕೇಳಿ ನೆಮ್ಮದಿಯಾಯಿತು. ಆಮೇಲಿನ ಎರಡು ನಿಮಿಷ ನಾವಿಬ್ಬರೂ ಆಡಿದ ಮಾತು ನಿನಗೂ ನೆನಪಿರಬೇಕು. ಅದಕ್ಕೇ ಇನ್ನು ಮುಂದೆ ಕಾಗದ. ಕಾಗದದಲ್ಲಾದರೆ ನೀನು ನನ್ನ ಮಾತಿನ ಮಧ್ಯೆ ಬಾಯಿ ಹಾಕಲಾರೆ.

ಹತ್ತು ತಿಂಗಳು ಅಷ್ಟೇ. ಈ ದೊಡ್ಡಾಸ್ಪತ್ರೆಯ ಲ್ಯಾಬಿನಲ್ಲಿ ತರಬೇತಿ ಮುಗಿಸಿದರೆ ನನಗೆ ಮೇಲಿನ ಹುದ್ದೆ ಸಿಗುತ್ತದೆ. ಇಲ್ಲಿನ ಹಾಸ್ಟೆಲಿನಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವ ಹಾಗಿಲ್ಲ. ಅವಳಪ್ಪ ಹಡಗಿನ ಮೇಲಿದ್ದಾರೆ, ವರ್ಷಕ್ಕೆ ಎರಡು ಸಲ ನೆಲ ಕಾಣುವವರು. ಬೇರೆ ದಾರಿ ಇದ್ದಿದ್ದರೆ ನಿನ್ನ ಹತ್ತಿರ ಕಳಿಸುತ್ತಿರಲಿಲ್ಲ. ಇದನ್ನು ಮುಚ್ಚುಮರೆ ಇಲ್ಲದೆ ಹೇಳುತ್ತಿದ್ದೇನೆ, ನೀನೂ ಹಾಗೇ ತಗೋ.

ಹದಿಮೂರು ತುಂಬಿದ್ದರೂ ಅವಳಿಗೆ ಬಾಯಿಲ್ಲ. ಯಾರಾದರೂ ಏನಾದರೂ ಕೇಳಿದರೆ ನನ್ನ ಮುಖ ನೋಡುತ್ತಾಳೆ, ಉತ್ತರ ನಾನು ಹೇಳುತ್ತೇನೆ. ಅಲ್ಲಿ ಆ ಕೆಲಸ ನಿನ್ನದು. ಮುಂದಿನ ಎರಡು ಹಲ್ಲುಗಳ ನಡುವೆ ಸಂದು ಇರುವುದನ್ನು ನೋಡಿರುತ್ತೀ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯಲು ಅವಳ ಆರನೇ ವಯಸ್ಸಿನಿಂದ ಕಲಿಸಿದ್ದೇನೆ. ಮರೆತರೆ ಕಣ್ಣಲ್ಲೇ ನೆನಪಿಸು, ಎಲ್ಲರೆದುರು ಹೇಳಿ ಅವಮಾನ ಮಾಡಬೇಡ. ನಾನು ಅಷ್ಟು ಸೂಕ್ಷ್ಮವಾಗಿ ಬೆಳೆಸಿದ್ದೇನೆ.

ಅಪ್ಪನಿಂದ ನಿನಗೆ ಬಂದ ಫೋಟೋ ಸ್ಟುಡಿಯೋದ ಮುಂದಿನ ಗಾಜಿನ ಕಿಟಕಿಯಲ್ಲಿ ನನ್ನ ಹಳೇ ಫೋಟೋ ಇನ್ನೂ ಇದ್ದರೆ ತೆಗೆದುಬಿಡು. ಯಾಕೆ ಎಂದು ಕೇಳಬೇಡ.

ಮುದ್ದು ಮಾಡಿ ತಲೆ ಮೇಲೆ ಕೂರಿಸಿಕೊಳ್ಳಬೇಡ. ಹತ್ತು ತಿಂಗಳಾದ ಮೇಲೆ ಅವಳನ್ನು ಅಲ್ಲಿಂದ ಇಳಿಸಬೇಕಾದವಳು ನಾನು.

ನಿನ್ನ ಅಕ್ಕ
(ಅದಕ್ಕಿಂತ ಮೊದಲು, ಅವಳ ಅಮ್ಮ)


ಜೂನ್ 20

ಅಕ್ಕಾ,

ನಿನ್ನ ಕಾಗದ ಓದುವಾಗ ನೀನು ಬಾಗಿಲಲ್ಲಿ ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತ ಹಾಗೇ ಇತ್ತು. ಎರಡು ಸಲ ಹಿಂದೆ ತಿರುಗಿ ನೋಡಿದೆ.

ಫೋಟೋ ಈಗ ಕಿಟಕಿಯಲ್ಲಿಲ್ಲ. ನಾಲ್ಕು ವರ್ಷದ ಹಿಂದೆ, ಅಪ್ಪ ತೀರಿಕೊಂಡ ವಾರವೇ ತೆಗೆದು ಹಳೇ ಬೆಡ್‌ಶೀಟಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟೆ. ಯಾಕೆ ಎಂದು ನಾನು ಹೇಳಿಯೇ ಬಿಡುತ್ತೇನೆ, ನಿನ್ನ ಹಾಗೆ ಬಾಯಿಗೆ ಬೀಗ ಹಾಕಿಕೊಳ್ಳಲು ನನಗೆ ಬರುವುದಿಲ್ಲ. ಆ ಫೋಟೋ ತೆಗೆದಾಗ ನಿನಗೆ ಹನ್ನೊಂದು, ನನಗೆ ಒಂಬತ್ತು. ಅದೇ ದಿನ ಅದೇ ಸ್ಟೂಲಿನ ಮೇಲೆ ಅಪ್ಪ ನನ್ನದೂ ತೆಗೆದರು. ನನ್ನ ನೆಗೆಟಿವ್ ತೊಳೆದು ಲಕೋಟೆಗೆ ಹಾಕಿ ಡಬ್ಬದಲ್ಲಿಟ್ಟರು. ನಿನ್ನ ನೆಗೆಟಿವಿನ ಮೇಲೆ ಬಗ್ಗಿ, ಪೆನ್ಸಿಲ್ ಹಿಡಿದು, ಇಡೀ ಒಂದು ದಿನ ಕೂತರು. ಊಟಕ್ಕೆ ಕರೆದರೂ ಏಳಲಿಲ್ಲ. ಆಮೇಲೆ ಇಪ್ಪತ್ತಮೂರು ವರ್ಷ ನೀನು ಗಾಜಿನ ಹಿಂದೆ ರಾಣಿಯ ಹಾಗೆ ಕೂತೆ. ನಾನು ಶಾಲೆಗೆ ಹೋಗುವಾಗ ಬರುವಾಗ ನಿನ್ನ ಮುಂದೆಯೇ ಹಾಯಬೇಕಿತ್ತು. ಬಂದವರೆಲ್ಲ ಕೇಳುತ್ತಿದ್ದರು, "ಕಿಟಕೀಲಿರೋ ಹುಡುಗಿ ನೀನೇನಾ?" "ಅಲ್ಲ, ಅವಳ ತಂಗಿ." "ಓ." ಆ 'ಓ' ಇನ್ನೂ ನನ್ನ ಕಿವಿಯಲ್ಲಿದೆ. ಅಷ್ಟು ಸಾಲದು ಎಂಬಂತೆ ಅಪ್ಪ ನಿನ್ನನ್ನು ಕರೆದು, ಗಲ್ಲ ಹಿಡಿದು, ಬೆಳಕಿಗೆ ತಿರುಗಿಸಿ ಗಿರಾಕಿಗಳಿಗೆ ತೋರಿಸುತ್ತಿದ್ದರು. ನಾನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದೆ. ನನ್ನ ಗಲ್ಲ ಯಾರೂ ಹಿಡಿಯಲಿಲ್ಲ.

ಇರಲಿ. ಮೆಣಸಿನ ಸುದ್ದಿ. ಬಂದ ಮೂರನೇ ದಿನ ಪಾಸ್‌ಪೋರ್ಟ್ ಫೋಟೋಗೆ ಒಬ್ಬ ಅಜ್ಜ ಬಂದರು. ಸ್ಟೂಲಿನ ಮೇಲೆ ಕೂತವರೇ ಕಟ್ಟಿಸಿಕೊಂಡ ಹಲ್ಲಿನ ಸೆಟ್ ತೆಗೆದು ಜೇಬಿಗೆ ಹಾಕಿಕೊಂಡು ಗಂಭೀರವಾಗಿ ನೋಡಿದರು. "ಹಲ್ಲು ಹಾಕ್ಕೊಳ್ಳಿ ಅಜ್ಜಾ" ಅಂದೆ. "ಯಾಕಮ್ಮಾ? ಮುಖ ನಂದು. ಹಲ್ಲು ಡಾಕ್ಟರದ್ದು" ಅಂದರು. ಮೆಣಸು ನಕ್ಕಳು. ನಗುವುದಕ್ಕಿಂತ ಮುಂಚೆ ಕೈ ಬಾಯಿಗೆ ಹಾರಿತು. ಕೈ ಯಾಕೆ ಎಂದು ಕೇಳಿದರೆ "ಅಮ್ಮ ಹೇಳಿದ್ದು" ಅಂದಳು. ನಾನು ಆ ಕೈ ಹಿಡಿದು ಕೆಳಗಿಳಿಸಿದೆ. ಇಷ್ಟು ಮಾಡಿದ್ದು ನಿಜ. ಬೈಯುವುದಿದ್ದರೆ ಬೈ.

ಗಾಜಿನ ಈಚೆ ಉಳಿದವಳು,
ನಿನ್ನ ತಂಗಿ


ಜುಲೈ 12

ಅಮ್ಮಾ,

ಚೆನ್ನಾಗಿದ್ದೇನೆ. ಶಾಲೆ ಹತ್ತಿರ, ನಡೆದೇ ಹೋಗುತ್ತೇನೆ. ಸಂಜೆ ಬಂದ ಮೇಲೆ ಚಿಕ್ಕಮ್ಮನ ಪಕ್ಕ ಟಚಿಂಗ್ ಡೆಸ್ಕಿನಲ್ಲಿ ಕೂರುತ್ತೇನೆ. ಇಳಿಜಾರು ಹಲಗೆ, ನಡುವೆ ಗಾಜು, ಹಿಂದಿನಿಂದ ಬೆಳಕು. ಗಾಜಿನ ಮೇಲೆ ನೆಗೆಟಿವ್ ಇಟ್ಟು, ಭೂತಗನ್ನಡಿ ಹಿಡಿದು, ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲಿನಿಂದ ಚುಕ್ಕಿ ಚುಕ್ಕಿ ಇಡಬೇಕು. ನೆಗೆಟಿವಿನಲ್ಲಿ ಎಲ್ಲ ಉಲ್ಟಾ. ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ಬೆಳ್ಳಗೆ ಖಾಲಿ ಕಾಣುತ್ತದೆ. ಆ ಖಾಲಿಯನ್ನು ಪೆನ್ಸಿಲಿನಿಂದ ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ! ತಪ್ಪಾದರೆ ಹತ್ತಿಗೆ ಟರ್ಪೆಂಟೈನ್ ಹಚ್ಚಿ ಒರೆಸಬಹುದು. ನಾನು ಬೇಡದ ನೆಗೆಟಿವುಗಳ ಮೇಲೆ ಅಭ್ಯಾಸ ಮಾಡುತ್ತೇನೆ. ನನ್ನ ಕೈ ನಡುಗುವುದೇ ಇಲ್ಲ ಎಂದು ಚಿಕ್ಕಮ್ಮ ಎಲ್ಲರಿಗೂ ಹೇಳುತ್ತಾರೆ.

ಕ್ಲಾಸಿನಲ್ಲಿ ಮೊದಲನೇ ಸಲ ಕೈ ಎತ್ತಿದೆ. ಉತ್ತರ ತಪ್ಪಾಯಿತು. ಆದರೂ ಏನೂ ಆಗಲಿಲ್ಲ. ಮನೆಗೆ ಬಂದು ಚಿಕ್ಕಮ್ಮನಿಗೆ ಹೇಳಿದರೆ "ತಪ್ಪು ಉತ್ತರಾನ ಅಷ್ಟು ಧೈರ್ಯವಾಗಿ ಹೇಳಿದ್ಯಲ್ಲೇ, ಭೇಷ್" ಅಂದರು. ಹಲ್ಲಿಲ್ಲದ ಅಜ್ಜನ ಹಾಗೆ ಮಾತಾಡಿ ತೋರಿಸಿದರೆ ಚಿಕ್ಕಮ್ಮ ನೆಲಕ್ಕೆ ಕೂತು ನಗುತ್ತಾರೆ. ನಾನೂ ನಗುತ್ತೇನೆ, ಕೈ ಇಲ್ಲದೆ. ನಾನು ಮಾತು ಶುರು ಮಾಡಿದರೆ ನಿಲ್ಲಿಸೋಕೆ ಸ್ವಿಚ್ ಹುಡುಕಬೇಕಂತೆ, ಚಿಕ್ಕಮ್ಮ ಅನ್ನುತ್ತಾರೆ.

ಹೋಗಬೇಕು. ಚಿಕ್ಕಮ್ಮ ಪ್ರಿಂಟ್ ತೊಳೆಯಲು ಕರೆಯುತ್ತಿದ್ದಾರೆ.

ಮೆಣಸು


ಜುಲೈ 26

ತಂಗೀ,

ಅವಳ ಕಾಗದದಲ್ಲಿ 'ಚಿಕ್ಕಮ್ಮ' ಆರು ಸಲ ಬಂದಿದೆ. 'ಅಮ್ಮ' ಒಂದೇ ಸಲ, ಅದೂ ಸಂಬೋಧನೆಗೆ. ಎಣಿಸುವುದೇ ನನ್ನ ಕೆಲಸ. ಬೆಳಗ್ಗಿನಿಂದ ಸಂಜೆವರೆಗೆ ಸೂಕ್ಷ್ಮದರ್ಶಕದ ಮೇಲೆ ಬಗ್ಗಿ ಜನರ ರಕ್ತದ ಕಣ ಎಣಿಸುತ್ತೇನೆ, ಈ ಆರನ್ನು ಎಣಿಸದೆ ಇರುತ್ತೇನೆಯೇ?

ಒಂದು ಮಾತು ಕೇಳುತ್ತೇನೆ. ಹದಿಮೂರು ವರ್ಷ ಅವಳ ಜೊತೆ ಇದ್ದವಳು ನಾನು. ಅಂಗನವಾಡಿಯಲ್ಲಿ ಅವಳು ಅತ್ತರೆ ಕಿಟಕಿಯ ಹೊರಗೆ ಅರ್ಧ ದಿನ ನಿಂತವಳು ನಾನು. ಯಾರೂ ಅವಳನ್ನು ನೋಡಿ ನಗಬಾರದು ಎಂದು, ನಗುವವರಿಗಿಂತ ಒಂದು ಹೆಜ್ಜೆ ಮುಂದೆ ಓಡಿ ಅವಳ ಬಾಯಿ ಮುಚ್ಚಿಸಿದವಳು ನಾನು. ನೀನು ಐದು ವಾರದಲ್ಲಿ ಕೈ ಕೆಳಗಿಳಿಸಿದೆ, ಭೇಷ್ ಅಂದೆ, ನೆಲಕ್ಕೆ ಕೂತು ನಕ್ಕೆ. ಮುಗಿಯಿತು, ಹುಡುಗಿ ನಿನ್ನವಳು! ನನ್ನೆದುರಿಗೆ ಆ ಅಜ್ಜನ ನಕಲು ಹಾಗಿರಲಿ, ಒಂದು ಬೆಕ್ಕಿನ ನಕಲೂ ಅವಳು ಮಾಡಿದವಳಲ್ಲ. ನನ್ನ ಮಗಳು ತಮಾಷೆ ಮಾಡುತ್ತಾಳೆ ಎಂಬ ಸಂಗತಿ ನನಗೆ ಅಂಚೆಯಲ್ಲಿ ಬರಬೇಕೇ?

ಇದು ಹೊಟ್ಟೆಕಿಚ್ಚು ಎಂದು ನೀನು ಅಂದುಕೊಳ್ಳುತ್ತೀ. ಹೌದು, ಹೊಟ್ಟೆಕಿಚ್ಚೇ. ಚಿಕ್ಕಂದಿನಲ್ಲೂ ಹಾಗೇ. ನೀನು ಕೂದಲನ್ನು ಹಿಂದಕ್ಕೆ ಎತ್ತಿ ಕಟ್ಟಿಕೊಂಡು ಬಿಸಿಲಿನಲ್ಲಿ ಓಡುತ್ತಿದ್ದೆ. ನಾನು ಎಡಗೆನ್ನೆಯ ಮೇಲೆ ಕೂದಲು ಇಳಿಬಿಟ್ಟುಕೊಂಡು ಗೋಡೆ ಬದಿ ಹಿಡಿದು ನಡೆಯುತ್ತಿದ್ದೆ. ನಿನಗೆ ಎಲ್ಲವೂ ಸಲೀಸು. ಈಗ ನನ್ನ ಮಗಳೂ ಸಲೀಸಾಗಿ ಸಿಕ್ಕಿದ್ದಾಳೆ.

ಅವಳಿಗೆ ಈ ಕಾಗದ ತೋರಿಸಬೇಡ.

ಅಕ್ಕ


ಸೆಪ್ಟೆಂಬರ್ 3

ಅಕ್ಕಾ,

ನಿನ್ನ ಹಿಂದಿನ ಕಾಗದಕ್ಕೆ ನಾಲ್ಕು ಉತ್ತರ ಬರೆದೆ, ನಾಲ್ಕನ್ನೂ ಹರಿದೆ. ಒಂದಂತೂ ಚೆನ್ನಾಗಿತ್ತು, ನೀನು ಓದಿದ್ದರೆ ಮೂರು ದಿನ ಊಟ ಬಿಡುತ್ತಿದ್ದೆ. ಈಗ ಸಿಟ್ಟಿಗೆ ಪುರುಸೊತ್ತಿಲ್ಲ, ಖುಷಿಯ ಸುದ್ದಿ ಇದೆ.

ಮೆಣಸು ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಮಾತಾಡಿದಳು. ಇಡೀ ಶಾಲೆ ಎದುರು! ಮೊದಲ ಸಾಲು ಯಾರಿಗೂ ಕೇಳಿಸಲಿಲ್ಲ. ಹಿಂದಿನಿಂದ ಯಾರೋ "ಜೋರಾಗಿ" ಅಂದರು. ಅವಳು ನಿಲ್ಲಿಸಿ, ಅಜ್ಜನ ದನಿಯಲ್ಲಿ "ಹಲ್ಲು ಹಾಕ್ಕೊಂಡು ಬರ್ತೀನಿ, ತಡೀರಪ್ಪಾ" ಅಂದಳು. ಮೇಷ್ಟ್ರುಗಳು ಕೂಡ ನಕ್ಕರು. ಎರಡನೇ ಬಹುಮಾನ. ಮನೆಗೆ ಬಂದು ಅದನ್ನು ಹೇಳುತ್ತ ಹೇಳುತ್ತ ತಲೆ ಹಿಂದಕ್ಕೆ ಎಸೆದು ನಕ್ಕಳು ನೋಡು, ಕ್ಯಾಮೆರಾ ಸ್ಟ್ಯಾಂಡಿನ ಮೇಲೇ ಇತ್ತು, ಕ್ಲಿಕ್ ಅನ್ನಿಸಿಬಿಟ್ಟೆ. ಹದಿನೆಂಟು ವರ್ಷದ ಕಸುಬಿನಲ್ಲಿ ಅಂಥ ಫೋಟೋ ನನಗೆ ಸಿಕ್ಕಿರಲಿಲ್ಲ.

ದೊಡ್ಡದು ಮಾಡಿ ಕಿಟಕಿಯಲ್ಲಿ ಇಟ್ಟಿದ್ದೇನೆ, ನೀನು ಕೂತಿದ್ದ ಜಾಗದಲ್ಲೇ. ನನಗೆ ಸಿಗದ ಜಾಗ ನಮ್ಮ ಹುಡುಗಿಗೆ ಸಿಕ್ಕಲಿ ಎಂದು. ರಸ್ತೆಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ನೀನು ಇದಕ್ಕೂ ಉರಿದುಕೊಳ್ಳುತ್ತೀಯೋ ಏನೋ. ಉರಿದುಕೋ. ಈ ಸಲ ನನ್ನ ಸರದಿ.

ಗೆದ್ದ ಹುಮ್ಮಸ್ಸಿನಲ್ಲಿರುವ
ತಂಗಿ


ಸೆಪ್ಟೆಂಬರ್ 16

ಅಮ್ಮಾ,

ಚಿಕ್ಕಮ್ಮ ನನ್ನ ಫೋಟೋವನ್ನು ಕಿಟಕಿಯಲ್ಲಿ ಇಟ್ಟಿದ್ದಾರೆ. ಚೆನ್ನಾಗಿದೆ. ಆದರೆ ಅದು ನಾನಲ್ಲ.

ಹಲ್ಲಿಗೆ ತಂತಿ ಹಾಕಿಸಿದರೆ ಸಂದು ಮುಚ್ಚಲು ಎಷ್ಟು ದಿನ ಬೇಕು? ನಿನ್ನ ಆಸ್ಪತ್ರೆಯಲ್ಲಿ ಹಲ್ಲಿನ ಡಾಕ್ಟರು ಇದ್ದರೆ ಕೇಳು. ಬೇಗ ಕೇಳು.

ಮೆಣಸು


ಸೆಪ್ಟೆಂಬರ್ 21

ತಂಗೀ,

ಆ ಫೋಟೋಗೆ ಟಚಿಂಗ್ ಮಾಡಿದ್ದೀಯಾ? ಹೌದು ಅಥವಾ ಇಲ್ಲ, ಅಷ್ಟೇ ಬರೆ.

ಅಕ್ಕ


ಸೆಪ್ಟೆಂಬರ್ 28

ಅಕ್ಕಾ,

ಹೌದು.

ಒಂದು ಪದ ಸಾಕೆಂದೆ, ಆದರೆ ಸಾಕಾಗುವುದಿಲ್ಲ. ಬೇಕೆಂದು ಮಾಡಲಿಲ್ಲ ಎಂದರೆ ನಂಬುತ್ತೀಯಾ? ನೆಗೆಟಿವ್ ಡೆಸ್ಕಿನ ಮೇಲೆ ಬಂದರೆ ನನ್ನ ಕೈ ಕೇಳಿಕೊಂಡು ಹೋಗುವುದಿಲ್ಲ. ಕಣ್ಣಿನ ಕೆಳಗಿನ ನೆರಳು, ಮೂಗಿನ ಪಕ್ಕದ ಗೆರೆ, ಒಂದೊಂದೇ ತುಂಬುತ್ತ ಹೋಗುತ್ತದೆ. ಹಲ್ಲಿನ ನಡುವೆ ಖಾಲಿ ಗೆರೆ ಕಂಡಿತು, ಪೆನ್ಸಿಲ್ ಇಳಿಯಿತು. ಹತ್ತು ನಿಮಿಷದ ಕೆಲಸ. ಎಷ್ಟು ನಯವಾಗಿ ಬಂತೆಂದರೆ ನನ್ನ ಕೈಯನ್ನು ನಾನೇ ಮೆಚ್ಚಿಕೊಂಡೆ. ಆ ಹುಡುಗಿಯ ನಗುವಿಗಾಗಿ ತೆಗೆದ ಫೋಟೋ ಅದು, ನಗುವನ್ನೇ ತಿದ್ದಿದ್ದೇನೆ ಎಂದು ನನಗೆ ಹೊಳೆಯಲೇ ಇಲ್ಲ.

ಅವಳು ಶಾಲೆಯಿಂದ ಬಂದು ಗಾಜಿನ ಮುಂದೆ ಬಹಳ ಹೊತ್ತು ನಿಂತಳು. ಒಳಗೆ ಬಂದು "ಚೆನ್ನಾಗಿ ಮಾಡಿದ್ದೀರಿ ಚಿಕ್ಕಮ್ಮಾ, ಗೊತ್ತೇ ಆಗಲ್ಲ" ಅಂದಳು. ಕಲಿಯುತ್ತಿರುವವಳಲ್ಲವೇ, ಎಲ್ಲಿ ಪೆನ್ಸಿಲ್ ಓಡಿದೆ ಎಂದು ಒಂದೇ ನೋಟಕ್ಕೆ ತಿಳಿಯಿತು. ಅವತ್ತಿನಿಂದ ಕೈ ಮತ್ತೆ ಬಾಯಿಗೆ ಹೋಗಿದೆ. ಈಗ ನಗದಿದ್ದಾಗಲೂ ಅಲ್ಲೇ ಇರುತ್ತದೆ. ಊಟಕ್ಕೆ ಕೂತಾಗ ಗೋಡೆ ಕಡೆ ತಿರುಗುತ್ತಾಳೆ. ಅಜ್ಜನ ನಕಲು ಇಲ್ಲ.

ಫೋಟೋ ತೆಗೆದುಬಿಡುತ್ತೇನೆ ಎಂದು ಹೋದರೆ ಅಡ್ಡ ಬಂದಳು. "ಬೇಡ, ಅದೇ ಇರಲಿ. ಎಲ್ಲರೂ ಅವಳನ್ನ ನೋಡಿ ಚೆನ್ನಾಗಿದ್ದಾಳೆ ಅಂತಾರೆ. ನಾನು ಹಲ್ಲು ಸರಿ ಮಾಡಿಸ್ಕೊಂಡು ಅವಳ ಥರ ಆಗ್ತೀನಿ." ತನ್ನ ಫೋಟೋವನ್ನೇ 'ಅವಳು' ಅಂತಾಳೆ ಅಕ್ಕಾ. ತನ್ನ ಮೇಲೆ ತಾನೇ ಹೊಟ್ಟೆಕಿಚ್ಚು ಪಡುವ ಮಗುವನ್ನು ನಾನು ಮೊದಲು ನೋಡಿರಲಿಲ್ಲ.

ನಾನು ಹತ್ತು ಸಲ ಹೇಳಿದೆ, ನಿನ್ನ ಹಲ್ಲು ನಿನಗೆ ಚಂದ ಎಂದು. "ಹಾಗಿದ್ರೆ ಯಾಕೆ ತುಂಬಿದ್ರಿ?" ಅಂದಳು. ನನ್ನ ಮಾತಿಗೆ ಇನ್ನು ಬೆಲೆ ಇಲ್ಲ. ನೀನೇ ಏನಾದರೂ ಬರೆ. ನೀನು ಗೆದ್ದೆ ಎಂದೇ ಅಂದುಕೋ, ಆದರೆ ಬರೆ.

ತಪ್ಪು ಮಾಡಿದ
ತಂಗಿ


ಅಕ್ಟೋಬರ್ 9

ತಂಗೀ,

ನಿಜ ಹೇಳುತ್ತೇನೆ. ನಿನ್ನ ಕಾಗದ ಓದಿ ಮೊದಲು ಹಾಲು ಕುಡಿದಷ್ಟು ಸಂತೋಷವಾಯಿತು. ಕೊನೆಗೂ ನಿನ್ನ ಕೈಯಲ್ಲೂ ಅವಳು ಹಾಳಾದಳು, ನನ್ನ ಕೈಯಲ್ಲಿ ಮಾತ್ರ ಅಲ್ಲ! ಲ್ಯಾಬಿನ ಕಾರಿಡಾರಿನಲ್ಲಿ ನಿಂತು ನಕ್ಕೆ ಕೂಡ. ಆಮೇಲೆ ಕೈ ತೊಳೆಯುವ ಬೇಸಿನ್ನಿನ ಕನ್ನಡಿಯಲ್ಲಿ ನನ್ನನ್ನೇ ನೋಡಿದೆ. ನಗುವಾಗಲೂ ಎಡಗೆನ್ನೆಯನ್ನು ಗೋಡೆ ಕಡೆ ತಿರುಗಿಸಿಕೊಂಡೇ ಇದ್ದೆ. ಒಬ್ಬಳೇ ಇದ್ದಾಗಲೂ. ಮೂವತ್ತೆಂಟು ವರ್ಷದ ಹೆಂಗಸು.

ಈಗ ನಿನಗೆ ತಿಳಿಯದ ಒಂದು ಸಂಗತಿ ಹೇಳಬೇಕು. ಹೇಳಿದರೆ ನಿನ್ನ ಬಾಲ್ಯದ ಅಸೂಯೆಯಷ್ಟೂ ದಂಡವಾಗುತ್ತದೆ, ಕ್ಷಮಿಸು.

ನನ್ನ ಎಡಗೆನ್ನೆಯಲ್ಲಿ ಹೆಬ್ಬೆರಳ ಉಗುರಿನಷ್ಟು ಮಚ್ಚೆ ಇದೆ ಎಂದು ನನಗೆ ಹನ್ನೊಂದು ವರ್ಷದ ತನಕವೂ ಗೊತ್ತಿತ್ತು, ಮೂಗಿದೆ ಎಂದು ಗೊತ್ತಿದ್ದ ಹಾಗೆ. ಅದರ ಬಗ್ಗೆ ಯೋಚನೆ ಇರಲಿಲ್ಲ. ಆ ಫೋಟೋ ಕಿಟಕಿಗೆ ಬಂದ ಮೇಲೆ ಒಂದು ದಿನ ಮುಖದಲ್ಲಿ ಸುಟ್ಟ ಕಲೆ ಇದ್ದ ಹೆಂಗಸೊಬ್ಬರು ಫೋಟೋ ತೆಗೆಸಿಕೊಳ್ಳಲು ಬಂದು ಹಿಂಜರಿದು ಬಾಗಿಲಲ್ಲೇ ನಿಂತರು. ಅಪ್ಪ ನನ್ನನ್ನು ಕರೆದರು. "ಬಾಮ್ಮಾ ಇಲ್ಲಿ." ಗಲ್ಲ ಹಿಡಿದು ಎಡಗೆನ್ನೆಯನ್ನು ಬೆಳಕಿಗೆ ತಿರುಗಿಸಿದರು. "ನೋಡಿ, ಇಷ್ಟು ದೊಡ್ಡ ಮಚ್ಚೆ. ಈಗ ಕಿಟಕೀಲಿ ಹುಡುಕಿ. ಸಿಗುತ್ತಾ? ಸಿಗಲ್ಲ. ನಿಮ್ಮದೂ ಸಿಗಲ್ಲ." ಆ ಹೆಂಗಸು ನನ್ನನ್ನು ನೋಡಿದರು, ಫೋಟೋ ನೋಡಿದರು, ಮತ್ತೆ ನನ್ನನ್ನು ನೋಡಿದರು. ನಾನು ಆ ಎರಡರ ನಡುವೆ ನಿಂತಿದ್ದೆ.

ಅದೇ ನೀನು ಮಾತು ಕೇಳಿಸದಷ್ಟು ದೂರದ ಮೆಟ್ಟಿಲ ಮೇಲಿಂದ ನೋಡಿ ಉರಿದುಕೊಂಡದ್ದು. ವರ್ಷಕ್ಕೆ ನಾಲ್ಕೈದು ಸಲ, ನಾನು ಓದು ಮುಗಿಸಿ ಮನೆ ಬಿಡುವವರೆಗೂ. ಅಪ್ಪ ಕೆಟ್ಟವರಲ್ಲ, ನನಗೆ ಉಪಕಾರ ಮಾಡಿದೆ ಎಂದೇ ನಂಬಿದ್ದರು. ಕಿಟಕಿಯಲ್ಲಿ ಇಟ್ಟದ್ದು ನನ್ನನ್ನಲ್ಲ, ತಮ್ಮ ಪೆನ್ಸಿಲನ್ನು. ನಿನ್ನ ಮುಖದ ಮೇಲೆ ತೋರಿಸಲು ಅವರಿಗೆ ಕೆಲಸವೇ ಇರಲಿಲ್ಲ, ಅದಕ್ಕೇ ನೀನು ಲಕೋಟೆಗೆ ಹೋದೆ. ನಾನು ಆ ಲಕೋಟೆಯ ಮೇಲೆ ಹೊಟ್ಟೆಕಿಚ್ಚು ಪಟ್ಟವಳು. ಕಿಟಕಿಯ ಹುಡುಗಿಯ ಮೇಲೆ ಇನ್ನೂ ಹೆಚ್ಚು. ಅವಳು ನನ್ನ ಫ್ರಾಕು ಹಾಕಿಕೊಂಡು, ನನ್ನ ಕಣ್ಣು ಇಟ್ಟುಕೊಂಡು, ನನಗಿಂತ ಮೇಲಾಗಿ ಕೂತಿದ್ದಳು.

ನಿನಗೆ ಅವತ್ತೇ ಹೇಳಬಹುದಿತ್ತು. ಒಂದೇ ಮಾತು ಸಾಕಿತ್ತು, ನಿನ್ನ ಉರಿ ಆರುತ್ತಿತ್ತು. ಹೇಳಲಿಲ್ಲ. ಯಾಕೆಂದರೆ ನಿಜ ಹೇಳಿದರೆ ಅದು ಬರೀ ಮಚ್ಚೆಯ ಜಾಹೀರಾತಾಗುತ್ತಿತ್ತು. ನೀನು ಕರುಬುತ್ತಿರುವಷ್ಟು ಕಾಲ ಅದು ಬಹುಮಾನ. ನಿನ್ನ ಹೊಟ್ಟೆಕಿಚ್ಚೊಂದೇ ನನಗೆ ಉಳಿದಿದ್ದ ಸುಖ, ಅದನ್ನು ಬಿಟ್ಟುಕೊಡಲು ಆಗಲಿಲ್ಲ.

ಮತ್ತೆ ಏನು ಮಾಡಿದೆ ನೋಡು. ಮಗಳು ಹುಟ್ಟಿದಳು, ಹಲ್ಲು ಬಂತು, ಸಂದು ಕಂಡಿತು. ನನಗೆ ಪೆನ್ಸಿಲ್ ಹಿಡಿಯಲು ಬರುವುದಿಲ್ಲ, ಅದಕ್ಕೆ ಅವಳ ಕೈಯನ್ನೇ ಅಡ್ಡ ಹಿಡಿಸಿದೆ. ನೀನು ಹತ್ತು ನಿಮಿಷ ತಿದ್ದಿದೆ, ನಾನು ಏಳು ವರ್ಷ. ಯಾರ ತಪ್ಪು ದೊಡ್ಡದು ಎಂದು ಲೆಕ್ಕ ಹಾಕಬೇಕಿಲ್ಲ.

ಇದರ ಜೊತೆ ಇಟ್ಟಿರುವ ಚಿಕ್ಕ ಕಾಗದ ಮೆಣಸಿಗೆ. ಅಟ್ಟದ ಮೇಲಿರುವುದನ್ನು ಇಳಿಸಿ ಅವಳಿಗೆ ತೋರಿಸು.

ಅಕ್ಕ


ಅಕ್ಟೋಬರ್ 9

ಮೆಣಸೂ,

ಹಲ್ಲಿನ ಡಾಕ್ಟರನ್ನು ಕೇಳಿದೆ. ಹಲ್ಲು ಗಟ್ಟಿಯಾಗಿವೆಯಾ, ಅಗಿಯಲು ತೊಂದರೆ ಇದೆಯಾ ಅಂದರು. ಇಲ್ಲ ಅಂದೆ. "ಹಾಗಾದ್ರೆ ಯಾರಿಗೆ ತೊಂದರೆ?" ಅಂದರು. ನನಗೆ ಎಂದು ಹೇಳಲು ನಾಚಿಕೆಯಾಯಿತು.

ನಗುವಾಗ ಕೈ ಅಡ್ಡ ಹಿಡಿ ಎಂದು ನಾನು ಹೇಳಿದ್ದು ನಿನ್ನ ಹಲ್ಲಿಗಾಗಿ ಅಲ್ಲ. ನನಗೆ ನಿನ್ನ ವಯಸ್ಸಿಗಿಂತ ಮೊದಲೇ ಒಂದು ಭಯ ಹಿಡಿದಿತ್ತು, ಅದನ್ನು ನಿನ್ನ ಬಾಯಿಯ ಮೇಲೆ ಇಟ್ಟೆ. ಯಾವ ಭಯ ಎಂದು ಚಿಕ್ಕಮ್ಮ ಒಂದು ಫೋಟೋ ತೋರಿಸಿ ಹೇಳುತ್ತಾಳೆ. ಹಲ್ಲು ಸರಿ ಮಾಡಿಸಬೇಕು ಎಂದು ನಿನಗೆ ಆಗಲೂ ಅನ್ನಿಸಿದರೆ ಮಾಡಿಸುತ್ತೇನೆ, ಅದು ನಿನ್ನ ಬಾಯಿ. ಆದರೆ ಆ ಕಿಟಕಿಯವಳ ಥರ ಆಗಲು ಬೇಡ. ಅಂಥವಳೊಬ್ಬಳನ್ನು ನಾನು ಬಲ್ಲೆ. ಎಷ್ಟು ವರ್ಷ ಅವಳ ಹಿಂದೆ ಓಡಿದರೂ ಸಿಗುವುದಿಲ್ಲ.

ಆ ಅಜ್ಜನ ನಕಲು ನನಗೂ ಒಂದು ಸಲ ಮಾಡಿ ತೋರಿಸುತ್ತೀಯಾ? ಚಿಕ್ಕಮ್ಮನಿಗೆ ತೋರಿಸಿದ್ದೀ ಎಂದು ಜುಲೈಯಿಂದ ನನ್ನ ಹೊಟ್ಟೆ ಉರಿಯುತ್ತಿದೆ.

ಅಮ್ಮ


ನವೆಂಬರ್ 22

ಅಮ್ಮಾ,

ಕಾಗದ ಬಂದು ಬಹಳ ದಿನವಾಯಿತು. ನನಗೆ ಮೊದಲು ನಿನ್ನ ಮೇಲೆ ಸಿಟ್ಟು ಬಂತು, ಅದು ಇಳಿಯಲಿ ಎಂದು ಕಾದೆ. ಪೂರ್ತಿ ಇಳಿದಿಲ್ಲ, ಸ್ವಲ್ಪ ಇದೆ.

ಚಿಕ್ಕಮ್ಮ ಅಟ್ಟದಿಂದ ಆ ಫೋಟೋ ಇಳಿಸಿ ಬೆಡ್‌ಶೀಟ್ ಬಿಚ್ಚಿದರು. ನಾನು "ಇದು ಯಾರು?" ಅಂದೆ. ಅವರು "ನಿಮ್ಮಮ್ಮ" ಅಂದರು. "ಅಲ್ಲ, ಅಮ್ಮನ ಮಚ್ಚೆ ಎಲ್ಲಿ?" ಅಂದೆ. ಚಿಕ್ಕಮ್ಮ ಅಲ್ಲೇ ಕೂತು ಅತ್ತುಬಿಟ್ಟರು. ಆಮೇಲೆ ಎಲ್ಲ ಹೇಳಿದರು. ಇಷ್ಟು ವರ್ಷ ಎದುರಿಗಿದ್ದರೂ ಅವರಿಗೆ ಆ ಪ್ರಶ್ನೆ ಬಂದೇ ಇರಲಿಲ್ಲವಂತೆ.

ಅಮ್ಮಾ, ನಿನಗೆ ಗೊತ್ತಾ? ನಾನು ಚಿಕ್ಕವಳಿದ್ದಾಗ ನಿನ್ನ ಕೂದಲು ಸರಿಸಿ ಮಚ್ಚೆ ಮೇಲೆ ಬೆರಳಿಟ್ಟುಕೊಂಡು ನಿದ್ದೆ ಮಾಡುತ್ತಿದ್ದೆನಲ್ಲ. ಅದು ಇಲ್ಲದ ಮುಖ ನಿನ್ನದು ಅಂತ ನನಗೆ ಗೊತ್ತಾಗಲೇ ಇಲ್ಲ. ಆ ಹುಡುಗಿ ಚೆನ್ನಾಗಿದ್ದಾಳೆ, ಆದರೆ ಅವಳ ಪಕ್ಕ ನನಗೆ ನಿದ್ದೆ ಬರಲ್ಲ.

ತಾತನ ಡಬ್ಬದಲ್ಲಿ ನೆಗೆಟಿವ್ ಸಿಕ್ಕಿತು. ಎಡಗೆನ್ನೆಯಲ್ಲಿ ಪೆನ್ಸಿಲಿನ ಚುಕ್ಕಿ ಇನ್ನೂ ಇತ್ತು, ನೂರಾರು, ಎಷ್ಟು ಸಣ್ಣಗೆ! ತಾತ ನಿಜವಾಗಲೂ ದೊಡ್ಡ ಕೆಲಸಗಾರರು. ಒರೆಸೋಣ ಅಂದೆ. ಚಿಕ್ಕಮ್ಮ ನನಗೇ ಜಾಗ ಬಿಟ್ಟುಕೊಟ್ಟರು, ನಾನೇ ಒರೆಸಿದೆ. ಹತ್ತಿ, ಟರ್ಪೆಂಟೈನ್, ಮೆಲ್ಲಗೆ. ಎರಡು ಹತ್ತಿ ಕಪ್ಪಾದವು. ಆಮೇಲೆ ಪ್ರಿಂಟ್ ಮಾಡಿದೆವು. ತಟ್ಟೆಯ ನೀರಿನೊಳಗೆ ಮೊದಲು ನಿನ್ನ ಕಣ್ಣು ಬಂತು, ಆಮೇಲೆ ಮಚ್ಚೆ ಬಂತು. ಆಗ ನಾನು "ಬಂದ್ಲು!" ಅಂತ ಕಿರುಚಿದೆ.

ಅದೇ ಡಬ್ಬದಲ್ಲಿ ಚಿಕ್ಕಮ್ಮನ ಲಕೋಟೆಯೂ ಇತ್ತು. ಯಾರೂ ಯಾವತ್ತೂ ಪ್ರಿಂಟ್ ಮಾಡೇ ಇರಲಿಲ್ಲ. ಅದನ್ನೂ ಮಾಡಿದೆ. ನನ್ನ ನೆಗೆಟಿವನ್ನೂ ಒರೆಸಿದೆ. ಮೂರನ್ನೂ ಇದರಲ್ಲಿ ಇಟ್ಟಿದ್ದೇನೆ. ಕಿಟಕಿಯಿಂದ ಆ ಸುಳ್ಳು ಫೋಟೋ ನಾನೇ ತೆಗೆದೆ. ಈಗ ಅಲ್ಲಿ ಏನೂ ಇಲ್ಲ, ಬರೀ ಪರದೆ. ನಿನ್ನನ್ನು ಕೇಳದೆ ಏನೂ ಇಡಬಾರದು ಎಂದು ಚಿಕ್ಕಮ್ಮ ಹೇಳಿದ್ದಾರೆ.

ಕೈ ಇನ್ನೂ ಕೆಲವು ಸಲ ಮೇಲೆ ಹೋಗುತ್ತದೆ. ಅರ್ಧಕ್ಕೆ ನಿಲ್ಲಿಸುತ್ತೇನೆ. ಹಲ್ಲಿನ ವಿಷಯ ಮುಂದಿನ ವರ್ಷ ಯೋಚನೆ ಮಾಡುತ್ತೇನೆ.

ಮೆಣಸು


ಡಿಸೆಂಬರ್ 4

ತಂಗೀ,

ಮೂರೂ ಫೋಟೋ ಬಂದವು. ಹಾಸ್ಟೆಲಿನ ಮಂಚದ ಮೇಲೆ ಸಾಲಾಗಿ ಇಟ್ಟುಕೊಂಡು ಕೂತಿದ್ದೇನೆ. ಇವತ್ತು ರಜೆ ಹಾಕಿದೆ.

ಮೊದಲು ನಿನ್ನದು ಹೇಳುತ್ತೇನೆ. ಒಂಬತ್ತು ವರ್ಷದ ನಿನ್ನ ಮುಖ ನಾನು ಇಷ್ಟು ವರ್ಷ ಕರುಬಿದಷ್ಟು ಸಲೀಸಾಗಿಲ್ಲ. ಮೂಗಿನ ಮೇಲೆ ಗಾಯದ ಹಕ್ಕಳೆ ಇದೆ, ಒಂದು ಜಡೆ ಬಿಚ್ಚಿದೆ. ನೀನು ಕ್ಯಾಮೆರಾ ನೋಡುತ್ತಲೇ ಇಲ್ಲ. ನಿನ್ನ ಕಣ್ಣು ಪಕ್ಕಕ್ಕಿದೆ. ಪಕ್ಕದಲ್ಲಿ ಸರದಿಗೆ ಕಾಯುತ್ತ ನಿಂತಿದ್ದವಳು ನಾನು. ಇನ್ನೂ ಕಿಟಕಿ ಇಲ್ಲ, ಪೆನ್ಸಿಲ್ ಇಲ್ಲ, ಆಗಲೇ ನೀನು ನನ್ನನ್ನು ನೋಡುತ್ತಿದ್ದೆ. ಅದು ಹೊಟ್ಟೆಕಿಚ್ಚೋ, ಅಕ್ಕ ಏನು ಮಾಡುತ್ತಾಳೆ ಎಂದು ನೋಡುವ ತಂಗಿಯ ನೋಟವೋ, ನಾನು ಹೇಳಲಾರೆ. ಆದರೆ ಅಷ್ಟು ಗಮನವಿಟ್ಟು ನನ್ನನ್ನು ಮತ್ತೆ ಯಾರೂ ನೋಡಿಲ್ಲ.

ಮೆಣಸಿನದನ್ನು ಎದೆಗೊತ್ತಿಕೊಂಡೆ, ಅಷ್ಟೇ ಹೇಳುತ್ತೇನೆ. ಆ ಸಂದಿನಿಂದಲೇ ನಗು ಹೊರಗೆ ಬರುತ್ತಿದೆ. ಅದನ್ನು ಹೊರಗೆ ಕರೆದವಳು ನೀನು, ನಾನಲ್ಲ ಎಂದು ಈಗಲೂ ಒಳಗೆ ಚುರ್ ಅನ್ನುತ್ತದೆ. ಅದು ಹೋಗುವುದಿಲ್ಲ ಎಂದು ಕಾಣುತ್ತದೆ. ಇರಲಿ, ಅದರ ಜೊತೆಗೇ ನಿನಗೆ ಋಣಿ.

ನನ್ನದನ್ನು ಕೊನೆಗೆ ನೋಡಿದೆ. ಹನ್ನೊಂದು ವರ್ಷದ ಹುಡುಗಿ, ನೆಟ್ಟಗೆ ಕೂತಿದ್ದಾಳೆ, ಎಡಗೆನ್ನೆ ಪೂರ್ತಿ ಬೆಳಕಿಗೆ. ಯಾರೂ ತಿರುಗಿಸಿದ್ದಲ್ಲ, ಅವಳೇ ತಿರುಗಿದ್ದಾಳೆ. ಮಚ್ಚೆ ಇದೆ, ಅವಳಿಗೆ ಅದರ ಗೊಡವೆಯೇ ಇಲ್ಲ. ಇವಳ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು ಕಣೇ. ಆದರೆ ಇವಳು ನಾನೇ ಆಗಿದ್ದವಳು.

ಮೂರನ್ನೂ ಕಿಟಕಿಯಲ್ಲಿ ಇಡು. ನಿನ್ನದು ನಡುವೆ ಇರಲಿ, ಇಪ್ಪತ್ತೇಳು ವರ್ಷ ತಡವಾಯಿತು. ಯಾರಾದರೂ "ಈ ಹುಡುಗಿ ನೀವೇನಾ?" ಎಂದು ಕೇಳಿದರೆ ಹೌದು ಅನ್ನು, ನನ್ನ ಮಾತು ತೆಗೆಯಬೇಡ.

ಮಾರ್ಚ್ ಕೊನೆಗೆ ಬರುತ್ತೇನೆ. ಕೂದಲು ಹಿಂದಕ್ಕೆ ಎತ್ತಿ ಕಟ್ಟಿಕೊಂಡು ಬಸ್ಸಿನಿಂದ ಇಳಿಯುತ್ತೇನೆ. ನೀನು ನನ್ನನ್ನು ಹಾಗೆ ನೋಡಿ ಬಹಳ ಕಾಲವಾಯಿತು. ಗುರುತು ಸಿಗಲಿಕ್ಕಿಲ್ಲ. ಸ್ಟ್ಯಾಂಡಿಗೆ ಹೊರಡುವ ಮುಂಚೆ ಇಬ್ಬರೂ ಒಂದು ಸಲ ಕಿಟಕಿ ನೋಡಿಕೊಂಡು ಬನ್ನಿ.

ನಿಮ್ಮಿಬ್ಬರ,
ಎಡಗೆನ್ನೆಯವಳು